ಹೋಳಿಗೆ ಕೊಟ್ಟ ಡಬ್ಬಿ ಖಾಲಿ ವಾಪಸ್ ಬಂದರೆ

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು. ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು 12 ವರ್ಷ ಆಯ್ತು. ಮಗನಿಗೆ 8 ವರ್ಷ. ಕನ್ನಡ ಅರ್ಥ ಆಗುತ್ತೆ, ಆದರೆ ಉತ್ತರ ಮಾತ್ರ ಜರ್ಮನ್‌ನಲ್ಲೇ. ಕಳೆದ ಸಲ ಊರಿಗೆ ಹೋದಾಗ ದೊಡ್ಡಪ್ಪನಿಗೆ "ನೀನು ಇಲ್ಲಿ ಬಾ" ಅಂದುಬಿಟ್ಟ. ಮನೆಯಲ್ಲಿ ದೊಡ್ಡ ಮಾತಾಯ್ತು. ನನಗೂ ಊರಲ್ಲಿ ಹೇಳದೆ ಬರುವ ನೆಂಟರು, ಹಾರ್ನ್ ಸದ್ದು ತಡೆಯೋಕಾಗಲ್ಲ. "ನೀನು ಜರ್ಮನಿಯವಳೇ ಆಗಿಬಿಟ್ಟೆ" ಅಂತಾರೆ. ಇಲ್ಲಿ ನೋಡಿದರೆ ಪಕ್ಕದ ಮನೆಯವರು ಇನ್ನೂ ದೂರ. ಯುಗಾದಿಗೆ ಹೋಳಿಗೆ ಕೊಟ್ಟರೆ ಡಬ್ಬಿ ತೊಳೆದು ಖಾಲಿ ವಾಪಸ್ ಕೊಟ್ಟರು. ನಮ್ಮ ಜೊತೆ ಇರಲು ಬಂದಿರುವ ಅತ್ತೆ ಅದನ್ನು ನೋಡಿ ತುಂಬಾ ಬೇಜಾರು ಮಾಡಿಕೊಂಡರು. ಈಗ ಯಜಮಾನರು ಜರ್ಮನ್ ಪೌರತ್ವ ತಗೊಳ್ಳೋಣ ಅಂತಿದ್ದಾರೆ. ಊರಲ್ಲಿ ಅಮ್ಮ ಒಬ್ಬರೇ ಇದ್ದಾರೆ. ನನಗೆ ಮನಸ್ಸು ಬರ್ತಿಲ್ಲ. ನಾನು ಎಲ್ಲಿಯವಳು ಅನ್ನೋದೇ ಗೊತ್ತಾಗ್ತಿಲ್ಲ. ಏನು ಮಾಡಲಿ?

ಉತ್ತರ: ಡಬ್ಬಿಯಿಂದಲೇ ಶುರು ಮಾಡುತ್ತೇನೆ. ನೀವು ಬರೆದ ಉಳಿದ ವಿಷಯಗಳೂ ಅದರ ಜೊತೆಗೇ ಬಿಡಿಸಿಕೊಳ್ಳುತ್ತವೆ.

ನಮ್ಮ ಕಡೆ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ನಾಲ್ಕು ಚಮಚ ಸಕ್ಕರೆ ಹಾಕಿಯಾದರೂ ಕೊಡುತ್ತೇವೆ. ಖಾಲಿ ಬಂದರೆ "ಇಷ್ಟೇ ಸಾಕು, ಮುಂದೆ ಬೇಡ" ಅಂದ ಹಾಗೆ. ಜರ್ಮನಿಯಲ್ಲಿ ಬೇರೆಯವರ ಪಾತ್ರೆಯನ್ನು ಚೆನ್ನಾಗಿ ತೊಳೆದು, ಒರೆಸಿ, ಬೇಗ ತಂದುಕೊಡುವುದೇ ಮರ್ಯಾದೆ. ಜಿಡ್ಡು ಉಳಿದರೆ ತಪ್ಪು. ವಾರಗಟ್ಟಲೆ ಇಟ್ಟುಕೊಂಡರೆ ಇನ್ನೂ ತಪ್ಪು. ನಿಮ್ಮ ಪಕ್ಕದ ಮನೆಯವರು ಅವರ ಲೆಕ್ಕದಲ್ಲಿ ಪೂರ್ತಿ ಮರ್ಯಾದೆ ತೋರಿಸಿದ್ದಾರೆ. ಅತ್ತೆಯವರಿಗೆ ಅದೇ ಅವಮಾನವಾಗಿ ಕಂಡಿದೆ.

ನನಗೂ ಇದೇ ಆಗಿತ್ತು. ನಾನು ಬಂದದ್ದು 1999ರಲ್ಲಿ. ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್‌ನಲ್ಲಿ ಬಾಡಿಗೆ ಮನೆ. ಮೇಲಿನ ಮಹಡಿಯಲ್ಲಿ 70 ದಾಟಿದ ಒಬ್ಬ ಹೆಂಗಸು ಇದ್ದರು. ಮೊದಲ ದೀಪಾವಳಿಗೆ ಸ್ಟೀಲ್ ಡಬ್ಬಿ ತುಂಬ ರವೆ ಉಂಡೆ ಕೊಟ್ಟೆ. ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಡಬ್ಬಿ ಕಾಲೊರಸಿನ ಮೇಲೆ ಕೂತಿದೆ. ಹೊಸದರ ಹಾಗೆ ಹೊಳೆಯುತ್ತಿದೆ. ಮುಚ್ಚಳ ತೆಗೆದೆ, ಒಳಗೆ ಏನೂ ಇಲ್ಲ. ಅವತ್ತು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೆ. ಆಮೇಲೆ 2 ವರ್ಷ ಅವರಿಗೆ ಏನೂ ಕೊಡಲಿಲ್ಲ.

ಜರ್ಮನ್ ಸ್ವಲ್ಪ ಬಾಯಿಗೆ ಬಂದ ಮೇಲೆ ಒಂದು ದಿನ ಕೇಳಿಯೇಬಿಟ್ಟೆ. ಅವರಿಗೆ ಆ ಡಬ್ಬಿ ಚೆನ್ನಾಗಿ ನೆನಪಿತ್ತು. "ತಳದಲ್ಲಿ ಏನೋ ಅಕ್ಷರ ಕೊರೆಸಿತ್ತಲ್ಲ, ಯಾರದೋ ಹೆಸರಿರಬೇಕು ಅಂದುಕೊಂಡೆ. ಹೆಸರು ಕೊರೆಸಿದ್ದಾರೆ ಅಂದರೆ ತುಂಬಾ ಬೇಕಾದ ವಸ್ತು. ಒಂದು ರಾತ್ರಿಗಿಂತ ಜಾಸ್ತಿ ನನ್ನ ಹತ್ತಿರ ಇರಬಾರದು ಅನ್ನಿಸಿತು" ಅಂದರು. ಅದು ನನ್ನ ಅಮ್ಮನ ಹೆಸರು. ಅಂಗಡಿಯಲ್ಲಿ ಪಾತ್ರೆ ಕೊಂಡಾಗ ಹೆಸರು ಕೊರೆಸಿಕೊಳ್ಳುತ್ತೇವಲ್ಲ, ಹಾಗೆ ಕೊರೆಸಿದ್ದು. ನಮ್ಮ ರೂಢಿ ಏನು ಅಂತ ಆಗ ಹೇಳಿದೆ. ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಅವರಿರುವ ತನಕ ಆ ಡಬ್ಬಿ ಒಂದು ಸಲವೂ ಖಾಲಿ ಇಳಿದು ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ಪ್ಲಮ್ ಹಣ್ಣಿನ ಕೇಕು, ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಬಿಸ್ಕತ್ತು.

15 ವರ್ಷದಿಂದ ವಲಸೆ ಬಂದ ಕುಟುಂಬಗಳಿಗೆ ಸಲಹೆ ಕೊಡುವ ಕೆಲಸ ಮಾಡುತ್ತಿದ್ದೇನೆ. ನನ್ನ ಎದುರು ಕೂತು ಕಣ್ಣೀರು ಹಾಕಿದವರ ನೋವುಗಳಲ್ಲಿ ಬಹಳಷ್ಟು ಈ ಡಬ್ಬಿಯಂಥವೇ. ಒಂದು ಊರಿನ ನಡತೆಗೆ ಇನ್ನೊಂದು ಊರಿನ ಅರ್ಥ ಹಚ್ಚಿ ಸಂಕಟಪಡುವುದು. ಇದಕ್ಕೆ ನಮ್ಮವರು ಕೊಡುವ ಸಲಹೆ ಒಂದೇ: "ಸ್ವಲ್ಪ ಅಡ್ಜಸ್ಟ್ ಮಾಡ್ಕೋ." ನನಗೆ ಈ ಸಲಹೆಯ ಮೇಲೆ ನಂಬಿಕೆ ಇಲ್ಲ. ಸುಮ್ನೆ ಹೊಂದಿಕೊಂಡವರು ಒಳಗೊಳಗೇ ಎರಡೂ ಕಡೆಯ ಮೇಲೆ ಸಿಟ್ಟು ಬೆಳೆಸಿಕೊಳ್ಳುವುದನ್ನು ನೋಡಿದ್ದೇನೆ. ನಿಮ್ಮ ಅತ್ತೆಗೆ ಜರ್ಮನಿಯ ಅರ್ಥ ಗೊತ್ತಿಲ್ಲ. ಪಕ್ಕದ ಮನೆಯವರಿಗೆ ಮಲೆನಾಡಿನ ಅರ್ಥ ಗೊತ್ತಿಲ್ಲ. ಎರಡೂ ಗೊತ್ತಿರುವುದು ನಿಮಗೆ ಮಾತ್ರ. ಹಾಗಾಗಿ ಬಾಯಿ ಬಿಟ್ಟು ಹೇಳಬೇಕಾದವರು ನೀವೇ. ಅತ್ತೆ ಊರಿಗೆ ಹೊರಡುವ ಮೊದಲೇ ಹೇಳಿ. ಅವರ ಕೈಯಲ್ಲೇ ಚಕ್ಕುಲಿ ಮಾಡಿಸಿ, ಅವರನ್ನೂ ಕರೆದುಕೊಂಡು ಪಕ್ಕದ ಮನೆಗೆ ಹೋಗಿ ಕೊಟ್ಟು, ನಮ್ಮಲ್ಲಿ ಡಬ್ಬಿಯ ರೂಢಿ ಹೀಗೆ ಅಂತ ಅವರ ಎದುರೇ ಹೇಳಿ.

ನೆರೆಯವರು ದೂರ ಅಂದಿರಿ. ನಿಮ್ಮ ಬಿಲ್ಡಿಂಗಿನಲ್ಲಿ ಕೇರ್‌ವೊಖೆ ಇದೆಯಾ? ಸ್ಟುಟ್‌ಗಾರ್ಟ್ ಸೀಮೆಯ ಈ ರೂಢಿ ನಿಮಗೆ ಗೊತ್ತೇ ಇರುತ್ತದೆ. ಓದುವ ಬೇರೆಯವರಿಗಾಗಿ ಹೇಳುತ್ತೇನೆ. ವಾರಕ್ಕೊಂದು ಮನೆಯ ಬಾಗಿಲಿಗೆ ಒಂದು ಸಣ್ಣ ಹಲಗೆ ಬಂದು ತೂಗುತ್ತದೆ. ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಆ ಮನೆಯವರದು. ಇದು ಚಿಕ್ಕ ಕೇರ್‌ವೊಖೆ. ದೊಡ್ಡದರಲ್ಲಿ ನೆಲಮಾಳಿಗೆ, ಅಂಗಳ, ಮನೆ ಮುಂದಿನ ಕಾಲುದಾರಿಯೂ ಸೇರುತ್ತವೆ. ಎಷ್ಟೋ ಬಾಡಿಗೆ ಕರಾರುಗಳಲ್ಲೇ ಇದು ಬರೆದಿರುತ್ತದೆ. ನಮ್ಮವರಿಗೆ ಇದು ಕಿರಿಕಿರಿ. ಭಾನುವಾರ ರಾತ್ರಿ ಯಾರೂ ಇಲ್ಲದಾಗ ಐದು ನಿಮಿಷದಲ್ಲಿ ಒರೆಸಿ ಹಲಗೆಯನ್ನು ಪಕ್ಕದ ಬಾಗಿಲಿಗೆ ಹಾಕಿ ಬರುತ್ತಾರೆ.

ನನ್ನ ಮಾತು ಕೇಳಿ, ಶನಿವಾರ ಬೆಳಿಗ್ಗೆ 10ಕ್ಕೆ ಮಾಡಿ. ಎಲ್ಲರೂ ಮಾರ್ಕೆಟ್ಟಿಗೆ, ಬೇಕರಿಗೆ ಅಂತ ಹತ್ತಿ ಇಳಿಯುವ ಹೊತ್ತು ಅದು. ನಮ್ಮ ಅಮ್ಮಂದಿರು ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಹೊಸಿಲು ಸಾರಿಸಿ, ರಂಗೋಲಿ ಬಿಡುವಾಗ ಅಕ್ಕಪಕ್ಕದವರ ಜೊತೆ ನಾಲ್ಕು ಮಾತಾಡುತ್ತಿದ್ದರಲ್ಲ, ಇಲ್ಲಿ ಆ ನಾಲ್ಕು ಮಾತು ಸಿಗುವುದು ಈ ಮೆಟ್ಟಿಲ ಮೇಲೆ. ಕೈಯಲ್ಲಿ ಪೊರಕೆ ಇದ್ದಾಗ ಜರ್ಮನರು ನಿಂತು ಮಾತಾಡುತ್ತಾರೆ. "ಕಾಫಿಗೆ ಬನ್ನಿ" ಅಂತ ಕರೆದರೆ ಡೈರಿ ತೆಗೆದು 3 ವಾರದ ಮೇಲೆ ದಿನ ಹುಡುಕುತ್ತಾರೆ. ನಮ್ಮಲ್ಲಿ ಮೊದಲು ಮನೆಗೆ ಬರುತ್ತಾರೆ, ಆಮೇಲೆ ಜೊತೆಗೆ ಕೆಲಸ ಮಾಡುತ್ತಾರೆ. ಇಲ್ಲಿ ಮೊದಲು ಜೊತೆಗೆ ಕೆಲಸ, ಮನೆ ಆಮೇಲೆ. ಇದೇ ಕಾರಣಕ್ಕೆ ಇಲ್ಲಿನವರ ಬದುಕಿನಲ್ಲಿ ಫೆರೈನ್, ಅಂದರೆ ನೋಂದಾಯಿಸಿದ ಸಂಘಗಳು, ಅಷ್ಟು ಮುಖ್ಯ. ಹಾಡುವವರ ಸಂಘ, ಫುಟ್‌ಬಾಲ್ ಸಂಘ, ತೋಟದವರ ಸಂಘ. ಮಗನನ್ನು ಫುಟ್‌ಬಾಲ್‌ಗೆ ಬಿಟ್ಟು ಕಾರಿನಲ್ಲಿ ಕೂರಬೇಡಿ. ಪಂದ್ಯದ ದಿನ ಕೇಕ್ ಮಾರುವ ಮೇಜಿನ ಹಿಂದೆ ಎರಡು ಗಂಟೆ ನಿಲ್ಲಿ. ಹತ್ತು ಸಲ ಊಟಕ್ಕೆ ಕರೆದರೂ ಆಗದ ಪರಿಚಯ ಅಲ್ಲಿ ಆಗುತ್ತದೆ.

ಇನ್ನು ಮಗ ದೊಡ್ಡಪ್ಪನಿಗೆ "ನೀನು" ಅಂದ ವಿಷಯ. ಇದರಲ್ಲಿ ಮಗನ ತಪ್ಪು ಒಂಚೂರೂ ಇಲ್ಲ.

ಜರ್ಮನ್‌ನಲ್ಲೂ ನಮ್ಮ ಹಾಗೆ ಎರಡು ಮಾತಿವೆ: ದು, ಜೀ. ಮೇಲ್ನೋಟಕ್ಕೆ ದು ಅಂದರೆ ನೀನು, ಜೀ ಅಂದರೆ ನೀವು. ಇಂಗ್ಲಿಷ್‌ನಲ್ಲಿ ಇಲ್ಲದ್ದು ಇಲ್ಲಿದೆ ಅಂತ ನಮಗೆ ಖುಷಿಯಾಗುತ್ತದೆ. ಆದರೆ ಇಬ್ಬರೂ ಗೆರೆ ಎಳೆಯುವ ಜಾಗ ಬೇರೆ. ನಾವು ವಯಸ್ಸು, ನೆಂಟಸ್ತಿಕೆ ನೋಡಿ ಗೆರೆ ಎಳೆಯುತ್ತೇವೆ. ಅಮ್ಮನಿಗೆ ನೀನು, ಅಪ್ಪನಿಗೆ ಎಷ್ಟೋ ಮನೆಗಳಲ್ಲಿ ನೀವು, ದೊಡ್ಡಪ್ಪನಿಗಂತೂ ನೀವೇ. ಜರ್ಮನರು ಹತ್ತಿರ, ದೂರ ನೋಡಿ ಎಳೆಯುತ್ತಾರೆ. ಮನೆಯವರೆಲ್ಲ ದು. ಅಜ್ಜ 90 ವರ್ಷದವರಾದರೂ ದು. ಬೇಕರಿಯ 20 ವರ್ಷದ ಹುಡುಗಿಗೆ ಜೀ. ಅಲ್ಲಿ ಮನೆಯ ದೊಡ್ಡವರಿಗೆ ಜೀ ಅಂದರೆ "ನೀವು ನನ್ನವರಲ್ಲ" ಅಂದ ಹಾಗೆ. ನಿಮ್ಮ ಮಗನ ಮನಸ್ಸಿನಲ್ಲಿ ದೊಡ್ಡಪ್ಪ ನಮ್ಮವರು. ಅದಕ್ಕೇ ನೀನು ಬಂತು. ಈ ವಿಷಯವನ್ನು ದೊಡ್ಡಪ್ಪನಿಗೆ ಹೀಗೇ ಬಿಡಿಸಿ ಹೇಳಿ. ಇಂಥ ಎಷ್ಟೋ ಮನೆಗಳಲ್ಲಿ ಹಿರಿಯರು ಕೇಳಿ ಮೆತ್ತಗಾಗಿದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಮಗನಿಗೆ ನೀವು ಅನ್ನುವುದನ್ನು ಕಲಿಸಿ. ಬೈದು ಕಲಿಸಬೇಡಿ. "ಜರ್ಮನ್‌ನಲ್ಲಿ ಮನೆಯವರಿಗೆಲ್ಲ ದು, ಕನ್ನಡದಲ್ಲಿ ಮನೆಯ ದೊಡ್ಡವರಿಗೆ ನೀವು" ಅಂತ ಎರಡೂ ನಿಯಮ ಪಕ್ಕಪಕ್ಕ ಇಟ್ಟು ಹೇಳಿ. 8 ವರ್ಷದ ಮಕ್ಕಳಿಗೆ ನಿಯಮ ಅಂದರೆ ಇಷ್ಟ. ಬೇಗ ಹಿಡಿಯುತ್ತಾರೆ.

ಥ್ಯಾಂಕ್ಸ್ ವಿಷಯವೂ ಹೀಗೇ. ಇಲ್ಲಿ ತಟ್ಟೆ ಇಟ್ಟರೂ ದಾಂಕೆ, ಉಪ್ಪು ಕೊಟ್ಟರೂ ದಾಂಕೆ. ಮಗು ಅಜ್ಜಿಗೆ ಮಾತು ಮಾತಿಗೂ ಥ್ಯಾಂಕ್ಸ್ ಹೇಳಿದರೆ "ನಾನೇನು ಹೊರಗಿನವಳಾ?" ಅಂತ ಅಜ್ಜಿಗೆ ನೋವಾಗುತ್ತದೆ. ಮನೆಯವರಿಗೆ ನಾವು ಧನ್ಯವಾದ ಹೇಳುವುದಿಲ್ಲ, ಇನ್ನೊಂದು ದೋಸೆ ಹಾಕಿಸಿಕೊಳ್ಳುತ್ತೇವೆ.

ಮಗ ಕನ್ನಡದಲ್ಲಿ ಉತ್ತರ ಕೊಡುವುದಿಲ್ಲ ಅನ್ನುವುದಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು. ಕನ್ನಡ ಅವನ ಒಳಗೆ ಇದೆ. ಕೇಳಿ ಅರ್ಥ ಮಾಡಿಕೊಳ್ಳುತ್ತಾನಲ್ಲ, ಅದು ದೊಡ್ಡ ಆಸ್ತಿ. ಅವನು ಬಾಯಿ ಬಿಡದಿರಲು ಕಾರಣ ಸುಲಭ. ನಿಮಗೆ ಜರ್ಮನ್ ಬರುತ್ತದೆ ಅಂತ ಅವನಿಗೆ ಗೊತ್ತು. ಜರ್ಮನ್‌ನಲ್ಲಿ ಹೇಳಿದರೂ ಕೆಲಸ ಆಗುತ್ತದೆ. ಕನ್ನಡ ಬಿಟ್ಟರೆ ಬೇರೆ ದಾರಿಯೇ ಇಲ್ಲದ ಒಬ್ಬ ಮನುಷ್ಯ ಅವನಿಗೆ ಬೇಕು. ಅದು ನಿಮ್ಮ ಅಮ್ಮ.

ಆದರೆ ವಿಡಿಯೋ ಕಾಲ್‌ನಲ್ಲಿ "ಅಜ್ಜಿ ಹತ್ತಿರ ಮಾತಾಡು" ಅಂತ ಫೋನ್ ಹಿಡಿಸಿದರೆ ಆಗುವುದು "ಊಟ ಆಯ್ತಾ? ಹೂಂ." ಅಷ್ಟೇ. ಏನಾದರೂ ಕೆಲಸ ಕೊಡಿ. ಒಬ್ಬ ಅಜ್ಜಿಗೂ ಮೊಮ್ಮಗಳಿಗೂ ನಾನು ಹೇಳಿಕೊಟ್ಟ ಉಪಾಯ ಇದು. ವಾರಕ್ಕೊಂದು ದಿನ ಹುಡುಗಿ ಅಡುಗೆಮನೆಯಲ್ಲಿ ಫೋನ್ ನಿಲ್ಲಿಸಿಕೊಂಡು ಅಜ್ಜಿ ಹೇಳಿದ ಹಾಗೆ ಒಂದು ತಿಂಡಿ ಮಾಡಬೇಕು. ಅಮ್ಮ ಒಳಗೆ ಬರುವಂತಿಲ್ಲ. ಮೊದಲ ವಾರ ಉಪ್ಪಿಟ್ಟು. "ಸಾಸಿವೆ ಚಟಪಟ ಅಂದ ಮೇಲೆ ಕರಿಬೇವು ಹಾಕು" ಅಂದರು ಅಜ್ಜಿ. ಹುಡುಗಿಗೆ ಚಟಪಟ ಗೊತ್ತಿಲ್ಲ. "ಅಂದ್ರೆ ಏನಜ್ಜಿ?" ಅಂತ ಕೇಳುವುದರೊಳಗೆ ಸಾಸಿವೆ ಸಿಡಿಯಿತು. "ಅದೇ ಕಣೇ!" ಅಂತ ಅಜ್ಜಿ ಕೂಗಿದರು. ಆ ಪದ ಆ ಹುಡುಗಿಗೆ ಇನ್ನು ಮರೆಯುವುದಿಲ್ಲ.

ಕಾಲ್‌ನ ಹೊತ್ತನ್ನೂ ನೋಡಿಕೊಳ್ಳಿ. ಬೇಸಿಗೆಯಲ್ಲಿ ನಮಗೂ ಊರಿಗೂ 3 ಗಂಟೆ 30 ನಿಮಿಷ ಅಂತರ, ಚಳಿಗಾಲದಲ್ಲಿ 4 ಗಂಟೆ 30 ನಿಮಿಷ. ಇಲ್ಲಿ ಸಂಜೆ 5ಕ್ಕೆ ಮಾಡುವ ಫೋನು ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಎಂಟೂವರೆ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಅದೇ ಫೋನು ಒಂಬತ್ತೂವರೆಗೆ ಹೋಗುತ್ತದೆ. ಅಮ್ಮ ಮಲಗಿರುತ್ತಾರೆ. ಚಳಿಗಾಲದಲ್ಲಿ ಮಾತು ಕಡಿಮೆಯಾಗುವುದಕ್ಕೆ ಎಷ್ಟೋ ಮನೆಗಳಲ್ಲಿ ಇದೇ ಕಾರಣ, ಯಾರೂ ಗಮನಿಸಿರುವುದಿಲ್ಲ. ಆ ತಿಂಗಳುಗಳಲ್ಲಿ ಶನಿವಾರ ಬೆಳಿಗ್ಗೆ 8ಕ್ಕೆ ಮಾಡಿ. ಅಲ್ಲಿ ಹನ್ನೆರಡೂವರೆ. ಅಮ್ಮನ ಅಡುಗೆ ಮುಗಿದು ಪುರುಸೊತ್ತಾಗಿರುತ್ತದೆ.

ಬೇಸಿಗೆ ರಜೆಯಲ್ಲಿ ಆದರೆ ಮಗನನ್ನು 2-3 ವಾರ ನೀವಿಲ್ಲದೆ ಅಜ್ಜಿ ಮನೆಯಲ್ಲಿ ಬಿಡಿ. ನೀವು ಪಕ್ಕದಲ್ಲಿದ್ದರೆ ನೀವೇ ದುಭಾಷಿ ಆಗಿಬಿಡುತ್ತೀರಿ. ಜರ್ಮನಿಯ ನಮ್ಮ ರಾಜ್ಯದ ಶಾಲೆಗಳಿಗೆ ರಜೆ ಜುಲೈ ಕೊನೆಯಲ್ಲಿ ಶುರುವಾಗುತ್ತದೆ, ಅಲ್ಲಿ ಆಗ ಶಾಲೆ ನಡೆಯುತ್ತಿರುತ್ತದೆ, ಮಳೆಯೂ ಜೋರು. ಪರವಾಗಿಲ್ಲ. ಸಂಜೆ ಶಾಲೆ ಬಿಟ್ಟು ಬರುವ ಓರಗೆಯ ಮಕ್ಕಳೇ ಸಾಕು. ಟಿಕೆಟ್ ಅಗ್ಗ ಅಂತ ರಜೆಗೆ ಮೊದಲೇ ಶಾಲೆ ತಪ್ಪಿಸಿ ಹೊರಡಬೇಡಿ. ಇಲ್ಲಿ ಅದಕ್ಕೆ ದಂಡ ಹಾಕುತ್ತಾರೆ.

ಇನ್ನು ಒಂದೂವರೆ ವರ್ಷದಲ್ಲಿ 4ನೇ ತರಗತಿ ಮುಗಿದು ಯಾವ ಬಗೆಯ ಶಾಲೆ ಅನ್ನುವ ಪ್ರಶ್ನೆ ಬರುತ್ತದೆ. ಆಗ ಯಾರಾದರೂ "ಮನೆಯಲ್ಲೂ ಜರ್ಮನ್ ಮಾತಾಡಿ, ಒಳ್ಳೆಯದು" ಅಂದರೆ ಒಪ್ಪಬೇಡಿ. ಎರಡು ಭಾಷೆ ಕೇಳಿ ಬೆಳೆಯುವ ಮಗುವಿಗೆ ಗೊಂದಲ ಆಗುವುದಿಲ್ಲ. ಜರ್ಮನ್ ಅವನಿಗೆ ಶಾಲೆಯಲ್ಲಿ, ಮೈದಾನದಲ್ಲಿ, ಎಲ್ಲ ಕಡೆ ಸಿಗುತ್ತದೆ. ಕನ್ನಡ ಸಿಗುವುದು ನಿಮ್ಮ ಬಾಯಿಂದ ಮಾತ್ರ.

ಅವನಿಗೆ ಒಂದು ಸುತ್ತಾಟವನ್ನೂ ಮಾಡಿಸಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ತೀರಿಕೊಂಡದ್ದು ನಿಮ್ಮ ಪಕ್ಕದ ಎಸ್ಲಿಂಗನ್‌ನಲ್ಲಿ, 1881ರಲ್ಲಿ. 1853ರಲ್ಲಿ ಕರ್ನಾಟಕಕ್ಕೆ ಬಂದು, ದಶಕಗಳ ದುಡಿಮೆಯಿಂದ 1894ರ ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ, 1903ರಲ್ಲಿ. ನಿಮ್ಮ ಮನೆಯಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಅವರ ಪ್ರತಿಮೆ ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿದೆ. ಊರಿಗೆ ಹೋದಾಗ ಪ್ರತಿಮೆ ತೋರಿಸಿ, ವಾಪಸ್ ಬಂದ ಮೇಲೆ ಟ್ಯೂಬಿಂಗನ್ ತೋರಿಸಿ. ಕನ್ನಡ ಅಂದರೆ ಅಮ್ಮ ಬಲವಂತ ಮಾಡುವ ಭಾಷೆ ಅಂತ ಅವನು ಅಂದುಕೊಂಡಿರಬಹುದು. ಅವನ ಹಾಗೇ ಜರ್ಮನ್ ಮಾತಾಡಿ ಬೆಳೆದ ಒಬ್ಬರು ಅದಕ್ಕಾಗಿ ಆಯಸ್ಸು ಸವೆಸಿದ್ದಾರೆ ಅಂತ ಗೊತ್ತಾಗಲಿ.

ಊರಿನ ನೆಂಟರ ವಿಷಯ ಬೇಗ ಹೇಳುತ್ತೇನೆ. ಹಾರ್ನ್ ಸದ್ದು ತಡೆಯೋಕಾಗಲ್ಲ ಅನ್ನುವುದು ಕಿವಿಯ ಅಭ್ಯಾಸ. ಅದರಲ್ಲಿ ದ್ರೋಹ ಏನೂ ಇಲ್ಲ, ಅದಕ್ಕಾಗಿ ತಪ್ಪಿತಸ್ಥರ ಹಾಗೆ ಇರಬೇಡಿ. ಹೇಳದೆ ಬರುವವರಿಗೆ ಬೆಳಿಗ್ಗೆ ಹೊತ್ತು ಬಿಟ್ಟುಕೊಡಿ, ಮಧ್ಯಾಹ್ನ 2ರಿಂದ 4 ನಿಮ್ಮದು ಅಂತ ಅಮ್ಮನ ಬಾಯಲ್ಲೇ ಹೇಳಿಸಿ. "ಪ್ರಯಾಣದ ಸುಸ್ತು, ಮಲಗಿದ್ದಾಳೆ" ಅಂದರೆ ಊರಲ್ಲಿ ಎಲ್ಲರೂ ಒಪ್ಪುತ್ತಾರೆ. ನೀವು ಬರೆದಿಲ್ಲ, ಆದರೂ ಇನ್ನೊಂದು ಮಾತು ನಿಮ್ಮನ್ನು ಚುಚ್ಚಿರುತ್ತದೆ: "ಯಾವಾಗ ಬಂದ್ರಿ? ಯಾವಾಗ ವಾಪಸ್ಸು?" ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಬಂದ ತಕ್ಷಣ ಕಳಿಸುತ್ತಿದ್ದಾರೆ ಅನ್ನಿಸುತ್ತದೆ, ಅಲ್ವಾ? ನಾನು ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಒಂದು ಸಲ ಚಿಕ್ಕಮ್ಮನಿಗೆ ಈ ನೋವು ಹೇಳಿಕೊಂಡೆ. ಅವರಿಗೆ ಅರ್ಥವೇ ಆಗಲಿಲ್ಲ. "ನೀನು ಇರೋ ದಿನ ಗೊತ್ತಾಗದೆ ಊಟಕ್ಕೆ ಯಾವತ್ತು ಕರೀಲಿ?" ಅಂದರು.

ಪೌರತ್ವದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳುತ್ತೇನೆ. ಅಮ್ಮ ಒಬ್ಬರೇ ಇದ್ದಾರೆ ಅಂತ ನೀವು ಹಿಂಜರಿಯುತ್ತಿದ್ದೀರಿ. ನಿಜ ಹೇಳಬೇಕೆಂದರೆ, ಅಮ್ಮ ಒಬ್ಬರೇ ಇರುವುದರಿಂದಲೇ ತಗೊಳ್ಳಿ ಅನ್ನುತ್ತೇನೆ.

ಕಾನೂನು ಹೀಗಿದೆ. 2024ರ ಜೂನ್ 27ರಿಂದ ಜರ್ಮನಿ 5 ವರ್ಷ ವಾಸವಿದ್ದವರಿಗೆ ಪೌರತ್ವ ಕೊಡುತ್ತದೆ, ಹಳೆಯ ಪೌರತ್ವ ಬಿಡಿ ಅಂತ ಕೇಳುವುದಿಲ್ಲ. ಜರ್ಮನ್ ಭಾಷೆ ಬಿ1 ಮಟ್ಟ, ಅಂದರೆ ದಿನನಿತ್ಯದ ಮಾತುಕತೆ ನಡೆಸುವಷ್ಟು, ಬರಬೇಕು, 33 ಪ್ರಶ್ನೆಗಳ ಪೌರತ್ವ ಪರೀಕ್ಷೆಯಲ್ಲಿ 17 ಸರಿ ಬರಬೇಕು. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಜರ್ಮನ್ ಪೌರರಾದ ಕೂಡಲೇ ಭಾರತದ್ದು ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ, ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ತಗೊಂಡರೆ ಜೀವನಪೂರ್ತಿ ವೀಸಾ ಇಲ್ಲದೆ ಊರಿಗೆ ಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ವೋಟು ಹಾಕುವಂತಿಲ್ಲ. ಜಮೀನು, ತೋಟ ಕೊಳ್ಳುವಂತಿಲ್ಲ. ಆದರೆ ವಿದೇಶದಲ್ಲಿ ನೆಲೆಸಿರುವ ನೀವು ಭಾರತದ ಪಾಸ್‌ಪೋರ್ಟ್ ಇದ್ದರೂ ಈಗಲೂ ಕೃಷಿ ಜಮೀನು ಕೊಳ್ಳುವಂತಿಲ್ಲ. ಅಮ್ಮನಿಂದ ಅಡಿಕೆ ತೋಟ ಬರುವುದಿದ್ದರೆ ಅದು ಎರಡೂ ಸ್ಥಿತಿಯಲ್ಲಿ ನಿಮಗೇ ಬರುತ್ತದೆ. ತೋಟ ಕೈತಪ್ಪುತ್ತದೆ ಅನ್ನುವ ಭಯ ನಮ್ಮವರಲ್ಲಿ ತುಂಬಾ ಇದೆ. ಆ ಭಯ ಬಿಡಿ.

ಈಗ ಮುಖ್ಯ ಮಾತು. ನಿಮ್ಮ ಹತ್ತಿರ ಈಗಿರುವುದು ಕಾಯಂ ವಾಸದ ಪರವಾನಗಿ ಅಂದುಕೊಳ್ಳುತ್ತೇನೆ. ಸಾಮಾನ್ಯ ನಿಯಮದ ಪ್ರಕಾರ, ಮೊದಲೇ ಇಲ್ಲಿನ ವಿದೇಶಿಯರ ಕಚೇರಿಯ ಒಪ್ಪಿಗೆ ಪಡೆಯದೆ 6 ತಿಂಗಳಿಗಿಂತ ಜಾಸ್ತಿ ಜರ್ಮನಿಯ ಹೊರಗಿದ್ದರೆ ಅದು ರದ್ದಾಗುತ್ತದೆ. ಕೆಲವರಿಗೆ ಇನ್ನೂ ಉದ್ದದ ಅವಧಿ ಇದೆ, ನಿಮ್ಮ ಕಾರ್ಡ್ ಯಾವುದು ಅಂತ ನೋಡಿಕೊಳ್ಳಿ. ನಾನು 2011ರಲ್ಲಿ ಪೌರತ್ವ ತಗೊಂಡೆ. 2014ರಲ್ಲಿ ಅಮ್ಮ ಹಾಸಿಗೆ ಹಿಡಿದರು. 8 ತಿಂಗಳು ಅವರ ಪಕ್ಕದಲ್ಲೇ ಇದ್ದೆ. ಒಂದು ದಿನವೂ ಕ್ಯಾಲೆಂಡರ್ ನೋಡಬೇಕಾಗಲಿಲ್ಲ. ನನ್ನ ಜೊತೆ ಓದಿದ ಒಬ್ಬಳು ಅದೇ ಪರಿಸ್ಥಿತಿಯಲ್ಲಿ ಐದೂವರೆ ತಿಂಗಳಿಗೆ ಅಪ್ಪನನ್ನು ಬಿಟ್ಟು ಹೊರಟುಬರಬೇಕಾಯಿತು. ಅವಳ ಕೈಯಲ್ಲಿ ಭಾರತದ ಪಾಸ್‌ಪೋರ್ಟೇ ಇತ್ತು.

ಸಂಕಟ ಆಗುವುದಿಲ್ಲ ಅಂತ ಹೇಳುವುದಿಲ್ಲ. ರದ್ದಾದ ಪಾಸ್‌ಪೋರ್ಟ್ ಕೈಗೆ ವಾಪಸ್ ಬಂದ ದಿನ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಮೊದಲ ಪುಟದ ನನ್ನ ಹಳೆಯ ಫೋಟೋ, ಕೊನೆಯ ಪುಟದ ಅಪ್ಪನ ಹೆಸರು, ಊರಿನ ವಿಳಾಸ, ಜೊತೆಗೆ ರದ್ದು ಮಾಡಿದ ಮುದ್ರೆ. ಅದು ಈಗಲೂ ದೇವರ ಮನೆಯ ಗೂಡಿನಲ್ಲಿದೆ.

ಅಮ್ಮನಿಗೆ ಈ ವಿಷಯ ಫೋನ್‌ನಲ್ಲಿ ಹೇಳಬೇಡಿ. ಮುಂದಿನ ಸಲ ಹೋದಾಗ, ಮಧ್ಯಾಹ್ನ ಊಟ ಮುಗಿದು ಅವರು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ, ಪಕ್ಕದಲ್ಲಿ ಕೂತು ಹೇಳಿ. ಪಾಸ್‌ಪೋರ್ಟ್ ವಿಷಯ ಆಮೇಲೆ. ಮೊದಲು ಹೇಳಬೇಕಾದ್ದು, "ಅಮ್ಮಾ, ಇನ್ಮೇಲೆ ನಿಂಗೆ ಬೇಕಾದಾಗ ಬಂದು, ಬೇಕಾದಷ್ಟು ದಿನ ಇರ್ತೀನಿ."